ಹೆಂಗಸರ ಕಾಲು ಮತ್ತು ಮುಂದಿನ ಬ್ರೇಕು

ಸವೆಯುವ ವಸ್ತುಗಳ ಬಗ್ಗೆ ನಮ್ಮಂಥ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸೀರೆಯ ಕೆಳಗಿನ ಅಂಚು ಹಿಮ್ಮಡಿಗೆ ತಾಗಿ ತಾಗಿ ಮೊದಲು ಪಿಸಿಯುತ್ತದೆಂದು ಗೊತ್ತಿದ್ದೇ ತಾನೇ ನಾವು ಹೊಸ ಸೀರೆ ಉಡುವ ಮೊದಲು ಫಾಲ್ ಹೊಲಿಸುವುದು? ಈಳಿಗೆಯ ಅಲುಗು ನಡುವಿನಲ್ಲಿ ಹೊಟ್ಟೆ ಒಳಗೆಳೆದುಕೊಂಡು ತುದಿಯಲ್ಲಿ ಹೊಸದಾಗಿಯೇ ಇರುತ್ತದೆ. ಚಪ್ಪಲಿಯ ಹಿಮ್ಮಡಿ ಹೊರಬದಿಗೆ ತೇಯುತ್ತದೆ. ದೋಸೆ ಮಗುಚುವ ಸಟ್ಟುಗದ ಮೂಲೆ, ನೋಡಿ, ಯಾವಾಗಲೂ ಒಂದೇ ಮೂಲೆ. ಯಾವುದೂ ಸುಮ್ಮಸುಮ್ಮನೆ ಒಂದೇ ಕಡೆ ಸವೆಯುವುದಿಲ್ಲ, ಅಲ್ಲಿ ಭಾರವೋ ತಿಕ್ಕಾಟವೋ ಹೆಚ್ಚು ಇರಲೇಬೇಕು ಎಂಬುದು ಅಡಿಗೆಮನೆಯಲ್ಲಿ ನಿಂತವರಿಗೆಲ್ಲ ತಿಳಿದ ಸಂಗತಿ. ಆದರೆ ಸವೆದದ್ದು ಕಾರಿನ ಭಾಗವಾಗಿದ್ದು, ಓಡಿಸುವವಳು ಹೆಂಗಸಾಗಿದ್ದರೆ ಮಾತ್ರ ಈ ನ್ಯಾಯ ನಡೆಯುವುದಿಲ್ಲ. ಆಗ ಕಾರಣ ಭಾರವೂ ಅಲ್ಲ, ತಿಕ್ಕಾಟವೂ ಅಲ್ಲ, ಅವಳ ಕಾಲು.

ನಮ್ಮದು 2012ರಲ್ಲಿ ಕೊಂಡ ಸಣ್ಣ ಕಾರು. ಕೊಂಡವರು ಇವರು, ಓಡಿಸುತ್ತಿದ್ದವರೂ ಇವರೇ. ನಾನು ಪಕ್ಕದ ಸೀಟಿನಲ್ಲಿ ಕೂತು ತೊಡೆಯ ಮೇಲೆ ಹೂವಿನ ಪೊಟ್ಟಣವನ್ನೋ ತೆಂಗಿನಕಾಯಿಯ ಚೀಲವನ್ನೋ ಇಟ್ಟುಕೊಂಡು ಮದುವೆ ಮುಂಜಿಗಳಿಗೆ ಹೋಗಿ ಬಂದವಳು. 2017ರಲ್ಲಿ ಇವರ ಬಲಗಣ್ಣಿಗೆ ತೊಂದರೆ ಶುರುವಾಯಿತು. ಅದೇ ವರ್ಷ ತೀರಿಕೊಂಡ ನನ್ನ ತಂದೆ ಹೆಬ್ರಿಯ ಹತ್ತಿರದ ಮನೆಯಲ್ಲಿ ಅಮ್ಮನನ್ನು ಒಬ್ಬಳನ್ನೇ ಬಿಟ್ಟುಹೋದರು. ನಾವಿರುವುದು ತೀರ್ಥಹಳ್ಳಿಯಲ್ಲಿ. ನಡುವೆ ಆಗುಂಬೆ ಘಾಟಿ. ಅಣ್ಣ ಇರುವುದು ಪರದೇಶದಲ್ಲಿ. ಅವನು ಫೋನಿನಲ್ಲಿ ಅಮ್ಮನನ್ನು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಾನೆ. ಅಮ್ಮ ಗಟ್ಟಕ್ಕೆ ಬರಲು ಒಪ್ಪಲಿಲ್ಲ. "ನನ್ನ ದನ, ನನ್ನ ಬಾವಿ, ನನ್ನ ಹಟ್ಟಿ" ಎಂದಳು. ದನ ಕೊಟ್ಟು ಆಗಲೇ ಮೂರು ವರ್ಷವಾಗಿತ್ತು ಎನ್ನುವುದು ಬೇರೆ ಮಾತು.

ಹೀಗಾಗಿ ಐವತ್ತನೆಯ ವಯಸ್ಸಿನಲ್ಲಿ, ಶಾಲೆ ಬಿಟ್ಟ ಮೇಲೆ, ಎಲ್ ಬೋರ್ಡು ಹಾಕಿದ ಕಾರಿನಲ್ಲಿ ನನ್ನದೇ ಹಳೆಯ ವಿದ್ಯಾರ್ಥಿಯ ಪಕ್ಕದಲ್ಲಿ ಕೂತು ನಾನು ಡ್ರೈವಿಂಗ್ ಕಲಿತೆ. ಒಂಬತ್ತನೆಯ ತರಗತಿಯಲ್ಲಿ ಅವನಿಗೆ ನಾನು ಸಂಧಿ ಸಮಾಸ ತುರುಕಿದ್ದೆ. ಆ ಸೇಡನ್ನು ಅವನು ಕ್ಲಚ್ಚಿನಲ್ಲಿ ತೀರಿಸಿಕೊಂಡ. ಲೈಸೆನ್ಸು ಬಂತು. ಹದಿನೈದು ದಿನಕ್ಕೊಮ್ಮೆ ಶನಿವಾರ ಮಧ್ಯಾಹ್ನ ಘಾಟಿ ಇಳಿದು ಅಮ್ಮನ ಮನೆಗೆ ಹೋಗುವುದು, ಗುಳಿಗೆಗಳ ಡಬ್ಬಿ ತುಂಬಿಸುವುದು, ತಲೆಗೆ ಎಣ್ಣೆ ಹಾಕಿ ನೀರೆರೆಯುವುದು, ಭಾನುವಾರ ಸಂಜೆ ಹತ್ತಿ ಬರುವುದು ರೂಢಿಯಾಯಿತು. ಬಸ್ಸಿನಲ್ಲಿ ಹೋಗಬಾರದೇ ಎಂದು ಕೇಳಬೇಡಿ. ಬಸ್ಸು ಇಳಿಸುವ ಜಾಗದಿಂದ ಅಮ್ಮನ ಮನೆಗೆ ಮೂರೂವರೆ ಕಿಲೋಮೀಟರು ಕಾಡುದಾರಿ. ಕೈಯಲ್ಲಿ ಅಕ್ಕಿ, ಬೇಳೆ, ಔಷಧ.

2019ರ ಆಗಸ್ಟಿನಲ್ಲಿ, ಮೀಟರು 66,000 ಕಿಲೋಮೀಟರು ತೋರಿಸುತ್ತಿದ್ದಾಗ, ಬ್ರೇಕು ಒತ್ತಿದರೆ ಮುಂದಿನ ಚಕ್ರದಿಂದ ಕೀಂಯ್ ಎಂಬ ಸದ್ದು ಬರತೊಡಗಿತು. ಗ್ಯಾರೇಜಿಗೆ ಒಯ್ದೆವು. ಚಕ್ರ ಬಿಚ್ಚಿದ ಹುಡುಗ ಎರಡು ತುಂಡು ತಂದು ಇವರ ಕೈಯಲ್ಲಿಟ್ಟ. ಬ್ರೇಕ್ ಪ್ಯಾಡು ಎನ್ನುವುದು ಅದಂತೆ. ಹೊಸದರಲ್ಲಿ ಬೆರಳಿನಷ್ಟು ದಪ್ಪವಿದ್ದದ್ದು ಈಗ ಬಿಸ್ಕತ್ತಿಗಿಂತ ತೆಳ್ಳಗಾಗಿತ್ತು. ಹಿಂದಿನ ಚಕ್ರ ಬಿಚ್ಚಿದರೆ ಅಲ್ಲಿಯ ಲೈನಿಂಗು ಇನ್ನೂ ದಪ್ಪಗೆ, ದಷ್ಟಪುಷ್ಟವಾಗಿ ಕುಳಿತಿದೆ.

ಗ್ಯಾರೇಜಿನ ಯಜಮಾನರು ನನ್ನ ಕಡೆ ನೋಡಲೂ ಇಲ್ಲ. ಇವರಿಗೆ ಹೇಳಿದರು: "ಸಾರ್, ಲೇಡೀಸ್ ಡ್ರೈವಿಂಗು ಅಲ್ವಾ? ಸುಮ್ ಸುಮ್ನೆ ಬ್ರೇಕ್ ಮೇಲೆ ಕಾಲಿಡ್ತಾರೆ. ಅದಕ್ಕೇ ನೋಡಿ, ಮುಂದಿಂದೆಲ್ಲ ಖಾಲಿ."

ನನಗೆ ಮಾತು ಬಾರದೇ ಇರುವ ಸಂದರ್ಭಗಳು ಕಡಿಮೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳಿಗೆ ಮಾತು ಬಾರದಿದ್ದರೆ ಸಂಬಳ ಬರುತ್ತದೆಯೇ? ಆದರೆ ಅಂದು ಬರಲಿಲ್ಲ. ಏಕೆಂದರೆ ಪ್ಯಾಡು ಕಣ್ಣೆದುರಿಗಿತ್ತು. ಮುಂದಿನದು ಸವೆದಿತ್ತು, ಹಿಂದಿನದು ಸವೆದಿರಲಿಲ್ಲ. ಓಡಿಸುತ್ತಿದ್ದವಳು ನಾನೇ.

ಮನೆಗೆ ಬಂದ ಮೇಲೆ ಆ ಒಂದು ವಾಕ್ಯ ಹಬ್ಬಿತು. ಇವರು ಮಗಳಿಗೆ ಹೇಳಿದರು, ಮಗಳು ಅಳಿಯನಿಗೆ, ಅಳಿಯ ತನ್ನ ತಾಯಿಗೆ. ಅಣ್ಣನಿಗೂ ಹೇಗೋ ಮುಟ್ಟಿತು. ಎಲ್ಲರದೂ ಪ್ರೀತಿಯ ಮಾತೇ. "ಘಾಟಿ ಇಳಿಯೋದು ನಿನಗ್ಯಾಕೆ ಈ ವಯಸ್ಸಿನಲ್ಲಿ", "ಒಬ್ಬ ಡ್ರೈವರನ್ನು ಇಟ್ಟುಕೊಂಡರಾಯಿತು", "ಅಮ್ಮನನ್ನೇ ಯಾವುದಾದರೂ ಒಳ್ಳೆಯ ಆಶ್ರಮದಲ್ಲಿ..." ಕೊನೆಯದನ್ನು ಅಣ್ಣ ಪೂರ್ತಿ ಹೇಳಲಿಲ್ಲ. ಫ್ರಿಜ್ಜಿನ ಮೇಲಿನ ಬಟ್ಟಲಿನಲ್ಲಿ ಇರುತ್ತಿದ್ದ ಕಾರಿನ ಕೀಲಿಕೈ ಇವರ ಷರಟಿನ ಜೇಬಿಗೆ ಹೋಯಿತು. ಯಾರೂ ಜಗಳ ಮಾಡಲಿಲ್ಲ, ಯಾರೂ ನಿಷೇಧ ಹೊರಡಿಸಲಿಲ್ಲ. ಕೀಲಿಕೈ ಜಾಗ ಬದಲಾಯಿಸಿತು ಅಷ್ಟೆ. ನಮ್ಮ ಮನೆಗಳಲ್ಲಿ ದೊಡ್ಡ ತೀರ್ಮಾನಗಳೆಲ್ಲ ಆಗುವುದು ಹೀಗೆಯೇ.

ನಾನು ಬಿ.ಎ., ಬಿ.ಎಡ್. ಕನ್ನಡ, ಸಮಾಜ ವಿಜ್ಞಾನ ನನ್ನ ವಿಷಯಗಳು. ಯಂತ್ರಗಳ ವಿಚಾರದಲ್ಲಿ ನನ್ನ ಜ್ಞಾನ ಮಿಕ್ಸಿಯ ಬ್ಲೇಡು ಬಿಚ್ಚುವುದಕ್ಕೆ ನಿಂತಿತ್ತು. ಆದರೆ ನಮ್ಮ ಶಾಲೆಯಲ್ಲಿ ವಿಜ್ಞಾನದ ಮೇಡಂ ಒಬ್ಬರಿದ್ದಾರೆ. ಮರುದಿನ ಊಟದ ವೇಳೆಯಲ್ಲಿ ಅವರ ಮುಂದೆ ಈ ಕಥೆ ಬಿಚ್ಚಿದೆ. ಆಕೆ ನಕ್ಕರು. ನಕ್ಕು, ನನ್ನ ಮೂರಂತಸ್ತಿನ ಟಿಫಿನ್ ಕ್ಯಾರಿಯರನ್ನು ಎಳೆದುಕೊಂಡು ಮೇಜಿನ ಮೇಲೆ ಜೋರಾಗಿ ಮುಂದಕ್ಕೆ ತಳ್ಳಿ, ಅದರ ಬುಡಕ್ಕೆ ಮಾತ್ರ ಕೈ ಅಡ್ಡ ಇಟ್ಟರು. ಕ್ಯಾರಿಯರು ನಿಂತಿತು. ಆದರೆ ತಲೆ ಮುಂದಕ್ಕೆ ವಾಲಿ, ಹಿಂದಿನ ಅಂಚು ಮೇಜಿನಿಂದ ಎದ್ದು, ಟಕ್ ಎಂದು ಮತ್ತೆ ಕೂತಿತು. ಹುಳಿ ಚೆಲ್ಲಿತು.

"ನಿಮ್ಮ ಕಾರೂ ಇಷ್ಟೆ" ಎಂದರು.

ಬ್ರೇಕು ಹಿಡಿಯುವುದು ಚಕ್ರವನ್ನು, ಚಕ್ರ ಹಿಡಿಯುವುದು ನೆಲವನ್ನು. ಅಂದರೆ ಕಾರನ್ನು ಹಿಂದಕ್ಕೆಳೆಯುವ ಬಲವೆಲ್ಲ ಕೆಳಗೆ ರಸ್ತೆಯ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಆದರೆ ಕಾರಿನ ತೂಕದ ನಡುಬಿಂದು ಇರುವುದು ಅದಕ್ಕಿಂತ ಮೇಲೆ, ಸಣ್ಣ ಕಾರುಗಳಲ್ಲಿ ಸುಮಾರು ಅರ್ಧ ಮೀಟರಿನಷ್ಟು ಎತ್ತರದಲ್ಲಿ. ಬುಡ ನಿಲ್ಲುತ್ತೇನೆ ಎನ್ನುತ್ತದೆ, ಮೇಲಿನ ಮೈ ಹೋಗುತ್ತೇನೆ ಎನ್ನುತ್ತದೆ. ಆಗ ಕಾರಿನ ಮೂತಿ ತಗ್ಗುತ್ತದೆ, ಹಿಂಭಾಗ ಹಗುರಾಗುತ್ತದೆ. ಬಸ್ಸಿನಲ್ಲಿ ನಿಂತಾಗ ಡ್ರೈವರು ಬ್ರೇಕು ಹಾಕಿದರೆ ನಮ್ಮ ಭಾರವೆಲ್ಲ ಬೆರಳ ತುದಿಗೆ ಬಂದು ಹಿಮ್ಮಡಿ ಏಳುತ್ತದಲ್ಲ, ಹಾಗೆ. ಕಂಬಿ ಹಿಡಿಯದಿದ್ದರೆ ಮುಂದೆ ಕೂತವರ ಮಡಿಲು. ಕಾರಿನ ಬೆರಳ ತುದಿ ಅದರ ಮುಂದಿನ ಚಕ್ರಗಳು. ಹೆಚ್ಚು ಭಾರ ಬಿದ್ದ ಚಕ್ರ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹಗುರಾದ ಚಕ್ರ ಜಾರುತ್ತದೆ. ಆದ್ದರಿಂದ ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲನ್ನು ಮುಂದಿನ ಬ್ರೇಕುಗಳೇ ಮಾಡಬೇಕು. ಕಾರು ಮಾಡಿದವರೇ ಅದನ್ನು ಹಾಗೆ ಹಂಚಿಟ್ಟಿರುತ್ತಾರೆ. ಅದಕ್ಕೇ ಮುಂದೆ ದೊಡ್ಡ ಡಿಸ್ಕು, ಹಿಂದೆ ಸಣ್ಣ ಡ್ರಮ್ಮು.

ಮೇಡಂ ಹಾಜರಿ ಪುಸ್ತಕದ ರಟ್ಟಿನ ಹಿಂದೆ ಲೆಕ್ಕವನ್ನೂ ಹಾಕಿ ತೋರಿಸಿದರು. ಲೆಕ್ಕ ಎಂದರೆ ಓಡುವವಳು ನಾನು. ಆದರೆ ಇದು ನನ್ನ ಮಾನದ ಲೆಕ್ಕವಾದ್ದರಿಂದ ಕೂತೆ. ಜನವೂ ಸೇರಿ ಕಾರಿನ ತೂಕ 1000 ಕಿಲೋ ಎನ್ನಿ. ಎಂಜಿನ್ನು, ಗೇರ್‌ಬಾಕ್ಸು ಎಲ್ಲ ಮುಂದೆಯೇ ಇರುವುದರಿಂದ ನಿಂತಾಗಲೇ ಮುಂದಿನ ಚಕ್ರಗಳ ಮೇಲೆ ಸುಮಾರು 600, ಹಿಂದೆ 400. ಸಾಧಾರಣವಾಗಿ ಸಿಗ್ನಲ್ಲಿನಲ್ಲಿ ನಿಲ್ಲಿಸುವ ಹಾಗೆ ಬ್ರೇಕು ಹಾಕಿದರೆ ಹಿಂದಿನಿಂದ ಮುಂದಕ್ಕೆ ಸುಮಾರು 70 ಕಿಲೋ ಭಾರ ದಾಟಿಕೊಳ್ಳುತ್ತದೆ. ಹಿಂದಿನ ಚಕ್ರದ ಮೇಲೆ ಕೂತಿದ್ದ ನಮ್ಮವರಂಥ ಒಬ್ಬ ಗೃಹಸ್ಥರು ಎದ್ದು ಹೋಗಿ ಮುಂದಿನ ಚಕ್ರದ ಮೇಲೆ ಕೂತ ಹಾಗೆ. ದನ ಅಡ್ಡ ಬಂತೆಂದು ಗಕ್ಕನೆ ಒತ್ತಿದರೆ 160 ಕಿಲೋ ದಾಟುತ್ತದೆ. ಆಗ ಮುಂದೆ 760, ಹಿಂದೆ 240. ಮೂರು ಪಾಲು ಮುಂದೆ, ಒಂದು ಪಾಲು ಹಿಂದೆ. ಓಡಿಸುವವರು ಗಂಡಸೇ ಆಗಲಿ, ಹೆಂಗಸೇ ಆಗಲಿ, ಈ ಲೆಕ್ಕದಲ್ಲಿ ಕಾಲಿನ ಲಿಂಗಕ್ಕೆ ಜಾಗವೇ ಇಲ್ಲ.

"ಹಾಗಾದರೆ ಹಿಂದಿನ ಬ್ರೇಕನ್ನೂ ಅಷ್ಟೇ ಗಟ್ಟಿಯಾಗಿ ಹಿಡಿಸಿದರೆ ಎರಡೂ ಸಮನಾಗಿ ಸವೆಯುತ್ತಲ್ಲ?" ಎಂದೆ. ಸಮತೆಯ ಪಾಠ ಮಾಡುವವಳು ನಾನು, ಕೇಳದೆ ಇರಲಾದೀತೆ?

ಅಲ್ಲೇ ಇರುವುದಂತೆ ಅಪಾಯ. ಹಗುರಾದ ಹಿಂದಿನ ಚಕ್ರವನ್ನು ಗಟ್ಟಿಯಾಗಿ ಹಿಡಿದರೆ ಅದು ತಿರುಗುವುದನ್ನು ಬಿಟ್ಟು ಜಾರತೊಡಗುತ್ತದೆ. ಜಾರುವ ಚಕ್ರಕ್ಕೆ ನೇರ ಹೋಗಬೇಕೆಂಬ ಹಟ ಇರುವುದಿಲ್ಲ. ಕಾರಿನ ಹಿಂಭಾಗವೇ ಪಕ್ಕಕ್ಕೆ ಬಂದು ಗಾಡಿ ಬುಗುರಿಯಂತೆ ತಿರುಗಿಬಿಡಬಹುದು. ಮುಂದಿನದು ಜಾರಿದರೆ ಕಾರು ತಿರುವಿನಲ್ಲಿ ತಿರುಗದೆ ನೇರ ಹೋಗುತ್ತದೆ. ಅದೂ ಕೆಟ್ಟದ್ದೇ, ಆದರೆ ಎರಡು ಕೆಟ್ಟದ್ದರಲ್ಲಿ ಸಣ್ಣದು. ಅದಕ್ಕಾಗಿ ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ತಗ್ಗಿಸಲೆಂದೇ ಎಷ್ಟೋ ಕಾರುಗಳಲ್ಲಿ ಒಂದು ವಾಲ್ವು ಇಡುತ್ತಿದ್ದರು. ಈಗ ಆ ಕೆಲಸವನ್ನು ಎ.ಬಿ.ಎಸ್. ಜೊತೆಗಿರುವ ಎಲೆಕ್ಟ್ರಾನಿಕ್ ಮಿದುಳು ಮಾಡುತ್ತದೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎ.ಬಿ.ಎಸ್. ಕಡ್ಡಾಯವಾಯಿತು. ನಮ್ಮದು 2012ರದ್ದು, ಅದಕ್ಕೆ ಆ ಭಾಗ್ಯವಿಲ್ಲ.

ಸ್ಕೂಟಿ ಓಡಿಸುವ ಹುಡುಗಿಯರಿಗೆ ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾನು ಸ್ಕೂಟಿ ಕಲಿತಾಗ ಊರಿನವರೆಲ್ಲ ಕೊಟ್ಟ ಉಪದೇಶ ಒಂದೇ: "ಮುಂದಿನ ಬ್ರೇಕು ಮುಟ್ಟಲೇಬೇಡ, ತಲೆ ಮೇಲಾಗಿ ಬೀಳ್ತೀಯ." ಹೀಗೆ ಹೆದರಿಸಿದ್ದರಿಂದ ಎಷ್ಟೋ ಜನ ಹಿಂದಿನದೊಂದನ್ನೇ ಹಿಚುಕುತ್ತಾರೆ. ಗಾಡಿ ಬೇಗ ನಿಲ್ಲುವುದಿಲ್ಲ, ಹಿಂದಿನ ಚಕ್ರ ಜಾರಿ ಅಡ್ಡ ಬೀಳುತ್ತಾರೆ. ನಿಲ್ಲಿಸುವ ಶಕ್ತಿ ಇರುವುದು ಮುಂದಿನದರಲ್ಲಿ. ನೇರ ಹೋಗುವಾಗ ಎರಡನ್ನೂ ಒಟ್ಟಿಗೆ, ಮುಂದಿನದನ್ನು ಎಳೆದು ಜಗ್ಗದೆ ಮೆಲ್ಲಗೆ ಒತ್ತುತ್ತಾ ಹಿಡಿಯಬೇಕು. ಮರಳು, ಕೆಸರು, ತಿರುವಿನಲ್ಲಿ ಮಾತ್ರ ಮುಂದಿನದರ ಮೇಲೆ ಹಗುರ ಕೈ. ಜನ ಕೇಳುವುದಿಲ್ಲವೆಂದೇ ಇರಬೇಕು, 125 ಸಿ.ಸಿ.ವರೆಗಿನ ಹೊಸ ಗಾಡಿಗಳಲ್ಲಿ ಒಂದು ಲಿವರು ಹಿಡಿದರೆ ಎರಡೂ ಬ್ರೇಕು ಹಿಡಿಯುವ ಏರ್ಪಾಡನ್ನು 2019ರಿಂದ ಕಡ್ಡಾಯ ಮಾಡಿದ್ದಾರೆ.

ಅಂದು ಸಂಜೆ ನಾನು ಮನೆಗೆ ಹೋಗಿ ಭಾಷಣ ಮಾಡಲಿಲ್ಲ. ಇವರ ಕಬ್ಬಿಣದ ಬೀರು ತೆಗೆದೆ. ನಮ್ಮವರಲ್ಲಿ ಒಂದು ಒಳ್ಳೆಯ ಗುಣವಿದೆ: 1994ರ ಗ್ಯಾಸ್ ರಸೀದಿಯನ್ನೂ ಫೈಲಿನಲ್ಲಿ ಇಟ್ಟಿರುತ್ತಾರೆ. ಕಾರಿನ ಫೈಲು ಹಸಿರು ಬಣ್ಣದ್ದು. ಅದರಲ್ಲಿ 2015ರ ಒಂದು ಬಿಲ್ಲು. "ಫ್ರಂಟ್ ಬ್ರೇಕ್ ಪ್ಯಾಡ್ – 1 ಸೆಟ್." ಕಿಲೋಮೀಟರು 34,000. ಆಗ ನನಗೆ ಲೈಸೆನ್ಸು ಇರುವುದು ಹಾಗಿರಲಿ, ಕಾರಿನ ಹಾರ್ನು ಎಲ್ಲಿದೆಯೆಂದೂ ಗೊತ್ತಿರಲಿಲ್ಲ. ಹಿಂದಿನ ಲೈನಿಂಗು ಬದಲಾಯಿಸಿದ ಬಿಲ್ಲು ಇಡೀ ಫೈಲಿನಲ್ಲಿ ಎಲ್ಲೂ ಇಲ್ಲ. ಅಂದರೆ ಇವರ ಕಾಲು 34,000 ಕಿಲೋಮೀಟರಿನಲ್ಲಿ ಒಂದು ಸೆಟ್ಟನ್ನು ತಿಂದಿತ್ತು. ಎರಡನೆಯ ಸೆಟ್ಟು 32,000 ಬಂದಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಿಲೋಮೀಟರು ನನ್ನವು, ಅದೂ ಹದಿನೈದು ದಿನಕ್ಕೊಮ್ಮೆ ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳನ್ನು ಇಳಿದು. ಬಿಲ್ಲನ್ನು ಊಟದ ತಟ್ಟೆಯ ಪಕ್ಕದಲ್ಲಿ ಇಟ್ಟೆ. ಇವರು ಕನ್ನಡಕ ಹಾಕಿಕೊಂಡು ಓದಿದರು. ಕನ್ನಡಕ ತೆಗೆದು ಮತ್ತೆ ಓದಿದರು. "ಸಾರು ಚೆನ್ನಾಗಿದೆ" ಎಂದರು. ಮರುದಿನ ಕೀಲಿಕೈ ಫ್ರಿಜ್ಜಿನ ಮೇಲಿನ ಬಟ್ಟಲಿನಲ್ಲಿತ್ತು.

ಕಥೆ ಇಲ್ಲಿಗೇ ನಿಂತಿದ್ದರೆ ನನಗೂ ಸಂತೋಷವಾಗುತ್ತಿತ್ತು.

ಆ ವರ್ಷದ ನವೆಂಬರಿನಲ್ಲಿ ಒಂದು ಶನಿವಾರ. ಹೊಸ ಪ್ಯಾಡು ಹಾಕಿಸಿ ಮೂರು ತಿಂಗಳಾಗಿತ್ತು. ಗ್ಯಾರೇಜಿನವರು "ಬ್ರೇಕ್ ಸರ್ವಿಸ್ – ಪೂರ್ತಿ" ಎಂದು ಬರೆದು ದುಡ್ಡು ಎಣಿಸಿಕೊಂಡಿದ್ದರು. ನಾನೊಬ್ಬಳೇ. ಆಗುಂಬೆಯಲ್ಲಿ ಸೂರ್ಯಾಸ್ತ ನೋಡಲು ಬಂದವರ ಗಾಡಿಗಳು ಸಾಲುಗಟ್ಟಿದ್ದವು. ಘಾಟಿಯಲ್ಲಿ ಮುಂದೊಂದು ಮಿನಿಬಸ್ಸು, ಎದುರಿನಿಂದ ಹತ್ತಿ ಬರುವ ಸಾಲು. ಕಲಿಸಿದ ಹುಡುಗ ಹೇಳಿಕೊಟ್ಟಂತೆ ಗೇರು ಇಳಿಸಿಯೇ ಹೋಗುತ್ತಿದ್ದೆ, ಆದರೂ ಹತ್ತು ಮಾರಿಗೊಮ್ಮೆ ಬ್ರೇಕು ಒತ್ತಿ ನಿಲ್ಲಬೇಕು. ಎಂಟೋ ಒಂಬತ್ತೋ ತಿರುವು ಕಳೆದಿರಬೇಕು, ಪೆಡಲು ಒತ್ತಿದರೆ ಕಾಲಿಗೆ ಏನೂ ಸಿಗಲಿಲ್ಲ. ಹಳಸಿದ ಇಡ್ಲಿ ಹಿಟ್ಟಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಕೆಳಗೆ ಹೋಯಿತು. ಇನ್ನೊಮ್ಮೆ ಒತ್ತಿದೆ. ಸ್ವಲ್ಪ ಸಿಕ್ಕಿತು, ಮತ್ತೆ ಹೋಯಿತು. ಮುಂದೆ ಮಿನಿಬಸ್ಸಿನ ಹಿಂಗಾಜಿನಲ್ಲಿ ಶಾಲೆಯ ಮಕ್ಕಳ ಮುಖಗಳು.

ಮೊದಲನೆಯ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆದೆ. ಕಾರು ಗುಡ್ಡದ ಬದಿಯ ಚರಂಡಿಯ ಪಕ್ಕಕ್ಕೆ ಒರಗಿ ನಿಂತಿತು. ಕೆಳಗಿಳಿದಾಗ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ. ಕಾಲು ನಡುಗುತ್ತಿದ್ದುದು ಆಮೇಲೆ ಗೊತ್ತಾಯಿತು. ಚಕ್ರಕ್ಕೆ ಕಲ್ಲು ಕೊಟ್ಟು ಬಂಡೆಯ ಮೇಲೆ ಕೂತೆ. ಒಂದು ಸಿಂಗಳೀಕ ಮರದ ಮೇಲಿನಿಂದ ನನ್ನನ್ನು ಬಹಳ ಹೊತ್ತು ನೋಡಿತು. ಫೋನಿಗೆ ಸಿಗ್ನಲ್ಲು ಇರಲಿಲ್ಲ. ಹಿಂದೆ ಬಂದ ಒಬ್ಬ ಟೆಂಪೋದವರು ಕೆಳಗೆ ಹೋಗಿ ಸುದ್ದಿ ಮುಟ್ಟಿಸಿದರು. ಒಂದೂವರೆ ಗಂಟೆಯ ಮೇಲೆ ಹೆಬ್ರಿಯ ಕಡೆಯಿಂದ ಬೈಕಿನಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ಕು ಬಂದರು. ಅಷ್ಟರಲ್ಲಿ ಪೆಡಲು ಏನೂ ಆಗದ ಹಾಗೆ ಗಟ್ಟಿಯಾಗಿತ್ತು. ಅದನ್ನು ಕಂಡು ನನಗೆ ಅಳುವೇ ಬಂತು. ಮನೆಯಲ್ಲಿ ಹೇಳಿದರೆ ಯಾರು ನಂಬುತ್ತಾರೆ?

ಅವರು ನಂಬಿದರು. ಬಾನೆಟ್ಟು ಎತ್ತಿ ಒಂದು ಸಣ್ಣ ಡಬ್ಬಿಯ ಮುಚ್ಚಳ ತಿರುಗಿಸಿ ಒಳಗೆ ನೋಡಿ, "ಅಮ್ಮಾ, ಈ ಆಯಿಲು ಬದಲ್ ಮಾಡಿ ಎಷ್ಟು ವರ್ಷ ಆಯ್ತು?" ಎಂದರು. ಹೊಸದರಲ್ಲಿ ತೆಳು ಹಳದಿಯಾಗಿ ಹರಳೆಣ್ಣೆಯಂತೆ ಇರಬೇಕಾದ ಬ್ರೇಕಿನ ದ್ರವ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. 2012ರಿಂದ ಅದನ್ನು ಯಾರೂ ಬದಲಾಯಿಸಿರಲಿಲ್ಲ. 'ಪೂರ್ತಿ' ಎಂದು ಬರೆದವರೂ ಸಹ.

ಅವರು ಹೇಳಿದ್ದನ್ನೂ ಆಮೇಲೆ ಮೇಡಂ ಬಿಡಿಸಿ ಹೇಳಿದ್ದನ್ನೂ ಸೇರಿಸಿ ಹೇಳುತ್ತೇನೆ. ಬ್ರೇಕು ಎಂದರೆ ವೇಗವನ್ನು ಬಿಸಿಯಾಗಿ ಪರಿವರ್ತಿಸುವ ಒಲೆ. ಗಂಟೆಗೆ 60 ಕಿಲೋಮೀಟರು ವೇಗದ 1000 ಕಿಲೋ ಕಾರನ್ನು ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಶಾಖದಲ್ಲಿ ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ ತಣ್ಣೀರು ಕುದಿಯಲು ತೊಡಗುತ್ತದೆ. ಮೂರು ಲೋಟ ಚಹಾ ಎಂದಿಟ್ಟುಕೊಳ್ಳಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಕಾರು ಸುಮಾರು 500 ಮೀಟರು ಎತ್ತರವನ್ನು ಕಳೆದುಕೊಳ್ಳುತ್ತದೆ. ಎಂಜಿನ್ನಿನ ಸಹಾಯವಿಲ್ಲದೆ ಬರೀ ಬ್ರೇಕಿನಲ್ಲೇ ಇಳಿದರೆ ಆ ಬಿಸಿಗೆ ಹದಿನೈದು ಲೀಟರು ನೀರು ಕುದಿಯಬಹುದು. ಒಬ್ಬರಿಗೆ ಸುಖವಾಗಿ ಸ್ನಾನ! ಅದರಲ್ಲಿ ಹೆಚ್ಚಿನ ಪಾಲು ಮುಂದಿನ ಎರಡು ಚಕ್ರಗಳಲ್ಲೇ. ಅದಕ್ಕಾಗಿಯೇ ಘಾಟಿ ಇಳಿಯುವಾಗ ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ ಎನ್ನುವುದು. ಅರ್ಧ ಕೆಲಸವನ್ನು ಎಂಜಿನ್ನು ಹಂಚಿಕೊಳ್ಳುತ್ತದೆ.

ಇನ್ನು ಆ ದ್ರವ. ಕಾಲು ಒತ್ತಿದ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಅದೇ. ಮಳೆಗಾಲದಲ್ಲಿ ಭರಣಿಯ ಉಪ್ಪು ನೀರೊಡೆಯುವಂತೆ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನು ಬರ? ಡಾಟ್ 3 ಎಂಬ ಸಾಮಾನ್ಯ ದರ್ಜೆಯ ದ್ರವ ಹೊಸದಾಗಿದ್ದಾಗ 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಬಿಸಿಯಾದ ಬ್ರೇಕಿನ ಬಳಿ ಅದು ಕುದಿದರೆ ಕೊಳವೆಯೊಳಗೆ ಆವಿಯ ಗುಳ್ಳೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗುಳ್ಳೆಯನ್ನು ಕುಗ್ಗಿಸಬಹುದು. ನಾವು ಒತ್ತಿದ್ದೆಲ್ಲ ಗುಳ್ಳೆಯನ್ನು ಹಿಚುಕಲಿಕ್ಕೇ ಖರ್ಚಾಗಿ ಚಕ್ರಕ್ಕೆ ಏನೂ ಮುಟ್ಟುವುದಿಲ್ಲ. ತಣ್ಣಗಾದ ಮೇಲೆ ಗುಳ್ಳೆ ಮತ್ತೆ ನೀರಾಗಿ ಪೆಡಲು ಸಜ್ಜನನಂತೆ ಮೇಲೆ ಬಂದು ನಿಲ್ಲುತ್ತದೆ. ಸಾಕ್ಷಿಯೇ ಇಲ್ಲ!

"ಹ್ಯಾಂಡ್‌ಬ್ರೇಕ್ ಉಳಿಸಿತು ನಿಮ್ಮನ್ನು" ಎಂದರು ಆ ಮೆಕ್ಯಾನಿಕ್ಕು. ನಮ್ಮ ಕಾರಿನಲ್ಲಿ ಅದು ತಂತಿಯಿಂದ ಎಳೆಯುವಂಥದ್ದು, ದ್ರವದ ಹಂಗಿಲ್ಲ. ಮತ್ತು ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು. ಸವೆಯದೆ ಸುಮ್ಮನೆ ಕೂತಿದೆ ಎಂದು ಗ್ಯಾರೇಜಿನಲ್ಲಿ ನನಗೆ ಎತ್ತಿ ತೋರಿಸಿದ್ದರಲ್ಲ, ಅದೇ ಹಿಂದಿನ ಲೈನಿಂಗು.

ಅವರೇ ಕಾರನ್ನು ಮೊದಲ ಗೇರಿನಲ್ಲಿ ಕೆಳಗಿಳಿಸಿ, ಹಳೆಯ ದ್ರವವನ್ನೆಲ್ಲ ನಾಲ್ಕೂ ಚಕ್ರಗಳಿಂದ ಇಳಿಸಿ ಹೊಸದು ತುಂಬಿದರು. ಮಜೂರಿ ಸೇರಿ ಆದದ್ದು 600 ರೂಪಾಯಿ. ಎರಡು ವರ್ಷಕ್ಕೊಮ್ಮೆ, ಕಾರು ಓಡಲಿ ಬಿಡಲಿ, ಇದನ್ನು ಬದಲಾಯಿಸಬೇಕು ಎಂದು ಹೇಳಿ ಕಳಿಸಿದರು. ಅವರು ಬ್ರೇಕಿಗೆ 'ಬಿರಿ' ಎನ್ನುತ್ತಿದ್ದರು, ನನ್ನ ಅಜ್ಜನ ಹಾಗೆ. ಎತ್ತಿನ ಗಾಡಿಯ ಕಾಲದಲ್ಲಿ ಬ್ರೇಕು ಎಂಬ ಮಾತು ನಮ್ಮ ನಾಲಿಗೆಯಲ್ಲಿ ತೇಯ್ದು ಹಾಗಾದದ್ದಿರಬೇಕು.

ನಮ್ಮ ಗ್ಯಾರೇಜಿಗೆ ಮತ್ತೆ ಹೋದಾಗ ಹೇಳಿ ಬರಬೇಕೆಂದು ಒಂದು ಕಥೆ ಓದಿಟ್ಟುಕೊಂಡಿದ್ದೆ. ಹೋಗಲೇ ಇಲ್ಲವಾದ್ದರಿಂದ ನಿಮಗೇ ಹೇಳುತ್ತೇನೆ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೋಟಾರು ಗಾಡಿಗೆ ಪೇಟೆಂಟು ಪಡೆದ. ಆದರೆ ಗಾಡಿ ಕೊಳ್ಳುವವರಿಲ್ಲ. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಗಂಡನಿಗೆ ಹೇಳದೆ, ಹದಿಹರೆಯದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಆ ಗಾಡಿಯಲ್ಲಿ ಹೊರಟೇಬಿಟ್ಟಳು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಎಲ್ಲಿಗೆ ಎಂದುಕೊಂಡಿರಿ? ತಾಯಿಯ ಮನೆಗೆ! ದಾರಿಯಲ್ಲಿ ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ ಕೊಂಡಳು. ಇಂಧನದ ಕೊಳವೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಇಳಿಜಾರಿನಲ್ಲಿ ಮರದ ಬ್ರೇಕಿನ ಕಟ್ಟೆಗಳು ತೇಯ್ದು ಹೋದವು. ಆಗ ಒಬ್ಬ ಚಮ್ಮಾರನನ್ನು ಕಂಡು ಅವುಗಳಿಗೆ ಚರ್ಮ ಹೊಡೆಸಿದಳು. ಬ್ರೇಕ್ ಲೈನಿಂಗಿನ ಇತಿಹಾಸವನ್ನು ಬರೆಯುವವರು ಶುರುಮಾಡುವುದು ಆ ಚರ್ಮದ ತುಂಡಿನಿಂದ. ಬ್ರೇಕು ಸವೆಸಿದ ಮೊದಲ ಹೆಂಗಸು ಅವಳೇ ಎನ್ನುವುದನ್ನು ನಾನೂ ಅಲ್ಲಗಳೆಯುವುದಿಲ್ಲ.

ಆ ಕಾಲದ ಕಾರುಗಳಲ್ಲಿ ಹೆಚ್ಚಾಗಿ ಹಿಂದಿನ ಚಕ್ರಗಳಿಗೆ ಮಾತ್ರ ಬ್ರೇಕು ಇರುತ್ತಿತ್ತಂತೆ. ತಿರುಗುವ ಮುಂದಿನ ಚಕ್ರಕ್ಕೆ ಬ್ರೇಕು ಕೂರಿಸುವುದು ಕಷ್ಟ, ಜೊತೆಗೆ ನಮ್ಮ ಸ್ಕೂಟಿ ಉಪದೇಶಕರಂಥವರ ಹೆದರಿಕೆ. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಗಳಿಗೆ ದ್ರವದ ಒತ್ತಡದ ಬ್ರೇಕು ಇಟ್ಟುಕೊಂಡು ಬಂತು. ಆ ದಶಕ ಮುಗಿಯುವಷ್ಟರಲ್ಲಿ ಮುಂದಿನ ಬ್ರೇಕು ಎಲ್ಲ ಕಡೆ ಹರಡಿತು. ಈಗ ಕಾಲ ಮತ್ತೆ ತಿರುಗುತ್ತಿದೆ. ನಮ್ಮ ಮೇಡಂ ಅವರ ಮಗ ಬ್ಯಾಟರಿ ಕಾರು ಕೊಂಡಿದ್ದಾನೆ; ಅದು ನಿಧಾನವಾಗುವಾಗ ಮೋಟಾರೇ ಡೈನಮೋ ಆಗಿ ವೇಗವನ್ನು ವಿದ್ಯುತ್ತಾಗಿ ವಾಪಸು ತುಂಬಿಸಿಕೊಳ್ಳುವುದರಿಂದ ಪ್ಯಾಡು ಸವೆಯುವುದೇ ಅಪರೂಪ, ಕೆಲಸವಿಲ್ಲದೆ ಡಿಸ್ಕಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳಬೇಕಂತೆ. ಕೆಲವು ಹೊಸ ಕಾರುಗಳಲ್ಲಿ ಎಲೆಕ್ಟ್ರಾನಿಕ್ ಹಿಡಿತಗಳು ಹಿಂದಿನ ಬ್ರೇಕನ್ನು ಹೆಚ್ಚು ಬಳಸಿ ಹಿಂದಿನದೇ ಮೊದಲು ಮುಗಿಯುವುದೂ ಉಂಟಂತೆ. ಅಂಥ ಕಾರಿನ ಗ್ಯಾರೇಜಿನಲ್ಲಿ ಹೆಂಗಸರಿಗೆ ಏನು ಹೇಳುತ್ತಾರೋ ಕೇಳಬೇಕು.

ಈಗ ಕಾರಿನ ಫೈಲು ನನ್ನ ಹತ್ತಿರ ಇದೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹೆಬ್ರಿಯ ಆ ಮೆಕ್ಯಾನಿಕ್ಕರ ಬಳಿ ಚಕ್ರ ಬಿಚ್ಚಿಸಿ, ಮಕ್ಕಳ ಜ್ಯಾಮಿತಿ ಪೆಟ್ಟಿಗೆಯ ಸ್ಕೇಲು ಹಿಡಿದು ಪ್ಯಾಡಿನ ದಪ್ಪ ಬರೆದುಕೊಳ್ಳುತ್ತೇನೆ. ಮೂರು ಮಿಲಿಮೀಟರಿಗೆ ಬಂದರೆ ಬದಲಾಯಿಸಬೇಕು. ಹೋದ ಸಲ ಐದು ಇತ್ತು. ದ್ರವ ಮೂರು ಸಲ ಬದಲಾಗಿದೆ. ಅಮ್ಮನಿಗೆ ಎಂಬತ್ತು ದಾಟಿತು. ಘಾಟಿಯ ಸಂಗತಿಯನ್ನು ಅವಳಿಗೆ ನಾನು ಹೇಳಿಲ್ಲ. ಮೀಯಲು ನೀರು ಕಾದಿಲ್ಲ ಎಂದು ಗದರುವುದಕ್ಕೆ ಮಾತ್ರ ಅವಳಿಗೆ ಶಕ್ತಿ ಉಳಿದಿರಲಿ.

ಕೆಲವು ಶನಿವಾರ ಇವರೂ ಜೊತೆಗೆ ಬರುತ್ತಾರೆ, ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಔಷಧದ ಚೀಲ ಇಟ್ಟುಕೊಂಡು. ಮಾತಾಡುವುದಿಲ್ಲ. ಪ್ರತಿ ತಿರುವಿನಲ್ಲೂ ಬಲಗಾಲನ್ನು ನೆಲಕ್ಕೆ ಬಲವಾಗಿ ಒತ್ತುತ್ತಾರೆ. ಅಲ್ಲಿ ಪೆಡಲು ಇಲ್ಲ. ಹೋದ ವಾರ ಕಾರು ತೊಳೆಯುವಾಗ ನೋಡಿದೆ, ಆ ಬದಿಯ ರಬ್ಬರ್ ಮ್ಯಾಟು ಹಿಮ್ಮಡಿಯ ಜಾಗದಲ್ಲಿ ತೂತು ಬಿದ್ದಿದೆ.